ಪಾಯದಲ್ಲಿ ನಿಂತವಳು

ಜನವರಿ 28, 1974. ಸಿರುಗುಪ್ಪ

ಈ ಕಥೆಯನ್ನು ಮೊದಲು ಹೇಳಿದವಳು ಜಂಬಮ್ಮಜ್ಜಿ. ನಮ್ಮ ದೇಶನೂರಿಗೆ ಕಾಲುವೆ ನೀರು ಬಂದ ಮೊದಲ ಬೇಸಿಗೆಯಲ್ಲಿ. ನಾನಿನ್ನೂ ಸಾಲಿಗೆ ಹೋಗುತ್ತಿರಲಿಲ್ಲ. ಅಂಗಳದಲ್ಲಿ ನುಚ್ಚು ಕೇರುತ್ತ ಹೇಳಿದಳು. ಮೊರ ನಿಂತರೆ ಕಥೆಯೂ ನಿಲ್ಲುತ್ತಿತ್ತು.

ಇವತ್ತು ಸಂಜೆ ಮಿಲ್ಲಿನ ಪಾಯದ ಹತ್ತಿರ ಅದನ್ನೇ ಹೇಳಿದೆ. ಕೂಲಿಯವರು ಕೆಲಸ ಬಿಟ್ಟು ಒಲೆ ಹೂಡಿದ್ದರು. ಉಚ್ಚೆಂಗೆಪ್ಪ ಮೇಸ್ತ್ರಿ ಕೆಣಕಿದ — “ಏನ್ ಸಾರ್, ಹೊತ್ತು ಮುಳುಗೋತನಕ ಬರೇ ಗೀಟು ಹೊಡೀತೀರಿ. ಬಾಯಾಗ ಏನೂ ಇಲ್ಲೇನು?”

ಇದೆ ಅಂದೆ. ಶುರು ಮಾಡಿದೆ.

ಹೊಳೆ ದಂಡೆಯಲ್ಲಿ ಒಂದು ಗೋಡೆ. ಹಗಲು ಕಟ್ಟಿದ್ದು ಬೆಳಗಾಗುವುದರೊಳಗೆ ಉರುಳುತ್ತಿತ್ತು. ಒಬ್ಬ ಚಿತ್ರಗಾರ ಬಂದ. ಪಾಯದ ಕಲ್ಲಿನ ಮೇಲೆ ಸುಣ್ಣದಲ್ಲಿ ಒಂದು ಹೆಣ್ಣಿನ ಚಿತ್ರ ಬರೆದ. ಗೋಡೆ ನಿಂತಿತು. ಆದರೆ ಊರಲ್ಲಿ ಅದೇ ಮುಖದ ಒಬ್ಬ ಸೊಸೆ ಇದ್ದಳು. ಅವತ್ತಿನಿಂದ ಅವಳು ನಡೆದರೆ ಹೆಜ್ಜೆ ಮೂಡದಾಯಿತು. ಮಣ್ಣಲ್ಲೂ ಇಲ್ಲ, ಬೂದಿಯಲ್ಲೂ ಇಲ್ಲ. ಅಮವಾಸ್ಯೆಯ ಬೆಳಿಗ್ಗೆ ತಾನೇ ನಡೆದು ಹೋಗಿ ಗೋಡೆಯೊಳಗೆ ಸೇರಿಕೊಂಡಳು. ಇವತ್ತಿಗೂ ಕಿವಿ ಇಟ್ಟರೆ ಬಳೆ ಸದ್ದು...

ಅಜ್ಜಿ ಊರಿನ ಹೆಸರು ಹೇಳುತ್ತಿರಲಿಲ್ಲ. ಕೆಂಚನಗುಡ್ಡ ಅಂತ ನಾನೇ ಸೇರಿಸಿದೆ. ಹತ್ತಿರದ ಊರಾದರೆ ಕಥೆ ಕಚ್ಚುತ್ತದೆ. ಕಚ್ಚಿತು. ಹಂಚಿನ ಮೇಲೆ ಒಂದು ರೊಟ್ಟಿ ಪೂರ್ತಿ ಸೀದು ಹೋಯಿತು. ನನಗೆ ಖುಷಿಯೋ ಖುಷಿ.

ಜನವರಿ 30

ಬಿಸಿಲು. ಪಾಯ ಇನ್ನೂ ಆಳಕ್ಕೆ ಹೋಗಬೇಕಂತೆ. ಕೊಟ್ಟೂರಪ್ಪ ಸಾಹುಕಾರರು ತಮ್ಮ ರೈಸ್‌ಮಿಲ್ಲಿಗೆ ದೊಡ್ಡ ಬಾಯ್ಲರ್ ಕೂಡಿಸುತ್ತಿದ್ದಾರೆ. ಅದಕ್ಕೆ ಇಟ್ಟಿಗೆಯ ಚಿಮಣಿ. ಅಳತೆ ಹಿಡಿದು ನಕ್ಷೆ ಮಾಡಲು ಬಳ್ಳಾರಿಯಿಂದ ಇಂಜಿನಿಯರ್ ಸಾಹೇಬರು ನನ್ನನ್ನು ಕಳಿಸಿದ್ದಾರೆ. ಆಫೀಸಿನ ಕೆಲಸ ಮುಗಿದ ಮೇಲೆ ನನ್ನ ಕೆಲಸ, ಚಿತ್ರ ಬರೆಯುವುದು.

ಹಳೆ ಮಿಲ್ಲಿನ ತಗಡಿನ ಸೂರು. ಮಧ್ಯಾಹ್ನ ಕಣ್ಣಿಗೆ ಚುಚ್ಚುವ ಬಿಳಿ, ಸಂಜೆ ತಾಮ್ರ. ಪಕ್ಕದಲ್ಲಿ ಭತ್ತದ ಹೊಟ್ಟಿನ ದಿಬ್ಬ — ಗಾಳಿ ಬೀಸಿದಾಗಲೆಲ್ಲ ಬೆನ್ನು ಬದಲಿಸುವ ಗುಡ್ಡ. ಗದ್ದೆ ದಾಟಿಕೊಂಡು ಹೋಗುವ ಕರೆಂಟ್ ಕಂಬಗಳು. ಒಂದರ ಹಿಂದೆ ಒಂದು, ಚಿಕ್ಕದಾಗುತ್ತ, ಚಿಕ್ಕದಾಗುತ್ತ, ಕೊನೆಗೆ ಪೆನ್ಸಿಲ್ಲಿನ ಒಂದು ಚುಕ್ಕೆ. ಇನ್ನೂ ಕಟ್ಟದ ಚಿಮಣಿಯನ್ನೂ ನಿಲ್ಲಿಸಿದೆ. ಹೊಗೆಯನ್ನು ಬೆರಳಿನಿಂದ ತೀಡಿದೆ.

ಬಳ್ಳಾರಿಯ ಸತ್ಯನಾರಾಯಣಪೇಟೆಯ ನನ್ನ ರೂಮಿನ ಗೋಡೆ ತುಂಬ ಇಂಥವೇ. ಹತ್ತಿ ಜಿನ್ನು, ನೀರಿನ ಟ್ಯಾಂಕು, ಗುಡ್ಡದ ಕೆಳಗಿನ ರೈಲ್ವೆ ಶೆಡ್ಡು. ಮನೆ ಮಾಲಕಿ ವೀರಭದ್ರಮ್ಮನವರ ತಕರಾರು — “ದೇವರದೊಂದು ಫೋಟೋ ಇಲ್ಲ. ಬರೇ ಹೊಗಿ ತೂಗಹಾಕ್ಯಾನ.”

ಹೊನ್ನೂರಮ್ಮ ನೀರು ಕುಡಿಯಲು ಬಂದವಳು ಹಿಂದೆ ನಿಂತಳು. ಕುರುಗೋಡಿನ ಹೆಣ್ಣು. ಗಂಡ ಗಾದೆಪ್ಪ ಪಾಯ ತೋಡುತ್ತಾನೆ, ಇವಳು ಮಣ್ಣು ಹೊರುತ್ತಾಳೆ. ಕೈತುಂಬ ಹಸಿರು ಗಾಜಿನ ಬಳೆ. ಎಲ್ಲಿದ್ದರೂ ಸದ್ದಿನಿಂದಲೇ ಗೊತ್ತು.

“ಯಣ್ಣಾ, ಇದು ನಮ್ಮ ಮಿಲ್ಲೇನ್ರಿ?”

“ಹೌದಮ್ಮ.”

“ಇಷ್ಟು ಚೆಂದ ಐತೇನ್ರಿ ಅದು?” ತಿರುಗಿ ಮಿಲ್ಲು ನೋಡಿದಳು. ಆಮೇಲೆ ಹಾಳೆ. ಮತ್ತೆ ಮಿಲ್ಲು. “ಹೌದಲ್ಲ! ದಿನಾ ಇಲ್ಲೇ ಸಾಯ್ತೀವಿ, ಒಂದಿನಾನೂ ಕಂಡಿದ್ದಿಲ್ಲ ನೋಡ್ರಿ. ಚಿಮಣಿ ಎದ್ದಽ ಇಲ್ಲ, ನೀವು ಆಗ್ಲೇ ಹೊಗಿ ಬಿಟ್ಟೀರಿ!”

ನಕ್ಕೆ. ಅವಳು ಬಗ್ಗಿ ಹುಡುಕತೊಡಗಿದಳು.

“ನಾವು ತೋಡಿದ್ದು ಎಲ್ಲೈತ್ರಿ ಇದರಾಗ?”

“ಅದು ನೆಲದ ಕೆಳಗ ಅಲ್ಲೇನು? ಕಾಣಂಗಿಲ್ಲ.”

“ಹಂಗಾರ ನಮ್ಮದು ಏನೂ ಕಾಣಂಗಿಲ್ಲ ಅನ್ರಿ.” ಬುಟ್ಟಿ ಎತ್ತಿಕೊಂಡು ಹೋದಳು. ಬೇಸರದಿಂದೇನೂ ಅಲ್ಲ. ಆದರೂ ಮಾತು ಇಲ್ಲೇ ಉಳಿಯಿತು.

ಫೆಬ್ರವರಿ 3

ಸೆಕ್ಷನ್ ಮುಗಿಸಿದೆ. ಸೆಕ್ಷನ್ ಅಂದರೆ ಬದನೆಕಾಯಿ ಸೀಳಿದ ಹಾಗೆ — ಕಟ್ಟಡವನ್ನು ನಡುವೆ ಸೀಳಿ ಒಳಗನ್ನು ತೋರಿಸುವುದು. ನೆಲದ ಮೇಲಿನದೂ ಕೆಳಗಿನದೂ ಒಟ್ಟಿಗೇ ಕಾಣುತ್ತದೆ. ಎತ್ತರ ಗೊತ್ತಾಗಲಿ ಅಂತ ಎಲ್ಲಾದರೂ ಒಬ್ಬ ಮನುಷ್ಯನನ್ನು ನಿಲ್ಲಿಸುವುದು ರೂಢಿ. ಆಫೀಸಿನಲ್ಲಿ ಟೊಪ್ಪಿಗೆಯವನೊಬ್ಬನನ್ನು ಬಾಗಿಲಲ್ಲಿ ನಿಲ್ಲಿಸುತ್ತಾರೆ. ಮುಖವಿಲ್ಲದವನು.

ನಾನು ಹೊನ್ನೂರಮ್ಮನನ್ನು ನಿಲ್ಲಿಸಿದೆ. ಬಾಗಿಲಲ್ಲಲ್ಲ, ಪಾಯದ ತಳದಲ್ಲಿ. ಅವರು ತೋಡಿದ ಜಾಗದಲ್ಲೇ. ತಲೆಯ ಮೇಲೆ ಬುಟ್ಟಿ, ಅದಕ್ಕೆ ಆತುಕೊಂಡ ಒಂದು ಕೈ, ಸಿಕ್ಕಿಸಿದ ಸೆರಗು. ಬಳೆಗಳನ್ನು ಒತ್ತಿ ಒತ್ತಿ ಬರೆದೆ. ಮೇಲೆ ನೆಲದ ಗೆರೆ. ಅದರ ಮೇಲೆ ಚಿಮಣಿ, ಹಾಳೆಯ ತುದಿಯವರೆಗೆ.

ಹೋಗಿ ದೂರ ನಿಂತು ನೋಡಿದೆ. ಈ ಕೈಯಿಂದ ಇಷ್ಟು ಒಳ್ಳೆಯದು ಬಂದಿರಲಿಲ್ಲ.

ಫೆಬ್ರವರಿ 5

ತೋರಿಸಿದೆ. ತೋರಿಸಬಾರದಿತ್ತು.

ಮೊದಲು ಕುಣಿದಳು. “ಬರ್ರಿ ಬರ್ರಿ ಎಲ್ಲಾರೂ! ನಾ ಪಾಯದಾಗ ನಿಂತೀನಿ ನೋಡ್ರಿ!” ಸುತ್ತ ಸೇರಿದರು. ಮೂಗು ಅವಳದೇ ಅಂದರು, ಬುಟ್ಟಿಯ ಹರಕೂ ಬಂದಿದೆ ಅಂದರು. ಉಚ್ಚೆಂಗೆಪ್ಪ ಮೇಸ್ತ್ರಿ ಮಾತ್ರ ನಗಲಿಲ್ಲ. ಬೆರಳಿಟ್ಟ.

“ಸಾರ್, ಇದೇನಿದು ಆಕಿ ನೆತ್ತಿ ಮ್ಯಾಲ?”

“ನೆಲ.”

“ಅದರ ಮ್ಯಾಲ?”

“ಚಿಮಣಿ.”

“ಅಂದ್ರ ಈಕಿ... ಚಿಮಣಿ ಬುಡಕ.”

ಸೆಕ್ಷನ್ ಅಂದರೆ ಏನಂತ ವಿವರಿಸಹೊರಟೆ. ಬದನೆಕಾಯಿ ಅಂದೆ. ಯಾರಿಗೂ ಬೇಕಿರಲಿಲ್ಲ. ಹಿಂದಿನಿಂದ ಒಂದು ಹೆಂಗಸಿನ ದನಿ, ಮೆಲ್ಲಗೆ — “ಕೆಂಚನಗುಡ್ಡದ ಕಥಿ.”

ಅಷ್ಟೇ. ಹೊನ್ನೂರಮ್ಮನ ನಗು ಹಾಗೇ ಮುಖದ ಮೇಲೆ ಒಣಗಿತು. ಹಿಂದೆ ಸರಿದಳು. ನಾಲ್ಕು ಹೆಜ್ಜೆ ನಡೆದು, ನಿಂತು, ತಿರುಗಿ ನೆಲ ನೋಡಿದಳು.

ಅಲ್ಲಿ ಗರಸು ಹಾಸಿದೆ. ಲಾರಿ ಓಡಾಡಿ ಕಲ್ಲಿನಂತಾಗಿದೆ. ಆನೆ ನಡೆದರೂ ಹೆಜ್ಜೆ ಮೂಡುವುದಿಲ್ಲ. ಹಾಗಂತ ಕೂಗಿ ಹೇಳಿದೆ. ನನ್ನ ಕಾಲನ್ನೇ ಒತ್ತಿ ತೋರಿಸಿದೆ. ಅವಳು ತನ್ನ ಕಾಲಿನ ಹಿಂದಿನ ಬರಿ ನೆಲವನ್ನೇ ನೋಡುತ್ತಿದ್ದಳು.

ಫೆಬ್ರವರಿ 6

ಅವಳು ಪಾಯಕ್ಕೆ ಇಳಿಯಲಿಲ್ಲ. ಉಳಿದ ಹೆಂಗಸರೂ ಇಳಿಯಲಿಲ್ಲ. ನಾನು ಉಳಿದುಕೊಂಡ ಶೆಡ್ಡಿನ ಮುಂದೆ ಯಾರೂ ಹಾಯುವುದಿಲ್ಲ. ಸುತ್ತು ಹಾಕಿಕೊಂಡು ಹೋಗುತ್ತಾರೆ. ನಿನ್ನೆವರೆಗೆ ಇಲ್ಲೇ ಕೂತು ಎಲೆ ಅಡಿಕೆ ಹಾಕುತ್ತಿದ್ದವರು.

ಫೆಬ್ರವರಿ 9, ಮಧ್ಯಾಹ್ನ

ಗಾದೆಪ್ಪ ಬಂದಿದ್ದ. ಪಿಕಾಸಿ ಹೆಗಲ ಮೇಲೆ. ಮಾತು ಕಡಿಮೆಯ ಮನುಷ್ಯ.

“ನನ್ನ ಹೆಂಡತೀನ ಅದರಾಗಿಂದ ತಗೀರಿ.”

ಅಷ್ಟೇ ತಾನೇ! ರಬ್ಬರ್ ತೆಗೆದುಕೊಂಡು ಅವನ ಕಣ್ಣೆದುರೇ ಅಳಿಸಿದೆ. ಬುಟ್ಟಿ ಹೋಯಿತು. ಮುಖ ಹೋಯಿತು. ಸೀರೆ ಹೋಯಿತು. ಚೂರು ಊದಿ ಹಾಳೆ ತಿರುಗಿಸಿ ತೋರಿಸಿದೆ. ಅವನ ಮುಖ ಬೂದಿಯಾಯಿತು.

“ಎಲ್ಲಿ ಹೋದ್ಲು?”

“ತಗದೆ ಅಲ್ಲಪ್ಪಾ. ನೀನಽ ಅಂದಿ.”

“ಹೊರಗ ತಗೀರಿ ಅಂದೆ. ಅಳಸ್ರಿ ಅನ್ನಲಿಲ್ಲ.”

ಹಾಳೆ ನೋಡಿದೆ. ಬಳೆಗಳನ್ನು ಒತ್ತಿ ಬರೆದಿದ್ದೆನಲ್ಲ... ಅವು ಮಾತ್ರ ಹೋಗಿರಲಿಲ್ಲ. ಖಾಲಿ ಪಾಯದಲ್ಲಿ ಬರೀ ಬಳೆಗಳು. ಗಾದೆಪ್ಪನೂ ಅವನ್ನೇ ನೋಡುತ್ತಿದ್ದ.

ಮತ್ತೆ ಉಜ್ಜಿದೆ. ಹಾಳೆ ಸವೆಯಿತು. ಬಳೆ ಹೋಗಲಿಲ್ಲ.

ಫೆಬ್ರವರಿ 11

ಹೊನ್ನೂರಮ್ಮ ಕುರುಗೋಡಿಗೆ ತವರಿಗೆ ಹೋದಳಂತೆ. ಜ್ವರ. ತುತ್ತು ಮುಟ್ಟುವುದಿಲ್ಲ. ಮೇಸ್ತ್ರಿ ಹೇಳಿದ್ದು — ಅಂಗಳದಲ್ಲಿ ಒಲೆ ಬೂದಿ ಹರಡಿಕೊಂಡು ಅದರ ಮೇಲೆ ನಡೆಯುತ್ತಾಳೆ, ತಿರುಗಿ ನೋಡುತ್ತಾಳೆ. ಮತ್ತೆ ನಡೆಯುತ್ತಾಳೆ.

ನಾನು ನಗಬೇಕು. ಓದಿದವನು. ಐಟಿಐ ಸರ್ಟಿಫಿಕೇಟ್ ಇದೆ. ನಗು ಬರುತ್ತಿಲ್ಲ. ಸ್ನಾನ ಮಾಡಿ ಬರುವಾಗ ಒದ್ದೆ ಕಾಲು ಸಿಮೆಂಟಿನ ಮೇಲೆ ಮೂಡಿದೆಯೋ ಅಂತ ನೋಡಿಕೊಂಡೆ. ಮೂಡಿತ್ತು. ನೋಡಿಕೊಂಡೆನಲ್ಲ ಅಂತ ಹೆದರಿದೆ.

ಫೆಬ್ರವರಿ 14

ಸಿಮೆಂಟು ಸಿಕ್ಕಿತಂತೆ. ಪರ್ಮಿಟ್ಟಿಗಾಗಿ ಎಷ್ಟೋ ತಿಂಗಳು ಅಲೆದಿದ್ದರು ಸಾಹುಕಾರರು. ಲಾರಿ ಮುಂದಿನ ಗುರುವಾರ ಬರುತ್ತದೆ, ಶುಕ್ರವಾರ ಪಾಯ ತುಂಬಬೇಕು. ಕ್ಯಾಲೆಂಡರ್ ನೋಡಿದೆ. ಶುಕ್ರವಾರ ಅಮವಾಸ್ಯೆ.

ಓಡಿದೆ. “ಸಾಹುಕಾರ್ರ, ಒಂದು ದಿನ ಹಿಂದ ಮುಂದ ಮಾಡ್ರಿ. ಜನ ಏನೇನೋ ತಿಳಕೊಂಡಾರ.”

ಕೊಟ್ಟೂರಪ್ಪ ಸಾಹುಕಾರರು ಒಳ್ಳೆಯವರು. ದಿನಾ ವಿಭೂತಿ, ದಿನಾ ಪೇಪರ್. ನಕ್ಕರು. “ಏನಪಾ ಉಜ್ಜಿನಪ್ಪ, ನೀನೂ ಹಿಂಗ ಅಂತೀಯಲ್ಲ! ಲಿಂಬಿಹಣ್ಣು ಕುಯ್ದು ಕಾಯಿ ಒಡದ್ರ ಆತು. ಸಿಮೆಂಟು ಹಸಿ ಹಿಡದ್ರ ಯಾರ ಹೊಣಿ?”

ಬಾಗಿಲವರೆಗೆ ಬಂದಿದ್ದೆ. ಹಿಂದಿನಿಂದ ಕರೆದರು. ದನಿ ತಗ್ಗಿತ್ತು.

“ಅಂದಂಗ... ಆ ಹೆಣ್ಣುಮಗಳ ಚಿತ್ರ ಅಳಸಿಬಿಟ್ಟೆಂತ?”

“ಹೌದ್ರಿ.”

“ಇರ್ಲಿ ಅಂತ ಬಿಡಬೇಕಿತ್ತು. ಅಷ್ಟು ಎತ್ತರದ ಚಿಮಣಿ. ನಿಲ್ಲಬೇಕಲ್ಲ.”

ನಗುತ್ತಿದ್ದರೋ ಇಲ್ಲವೋ, ಬೆಳಕು ಅವರ ಬೆನ್ನ ಹಿಂದಿತ್ತು. ಕಾಣಲಿಲ್ಲ.

ಫೆಬ್ರವರಿ 16. ಬಳ್ಳಾರಿ

ನೆಪ ಹೇಳಿ ಆಫೀಸಿಗೆ ಬಂದೆ. ಇಂಜಿನಿಯರ್ ಸಾಹೇಬರಿಗೆ ಎಲ್ಲ ಹೇಳಿದೆ. ಹೊಟ್ಟೆ ಹಿಡಿದು ನಕ್ಕರು. “ಮನುಷ್ಯರು ಬೇಡವಾದರೆ ಒಂದು ನಾಯಿ ನಿಲ್ಲಿಸಿರಿ ಉಜ್ಜಿನಪ್ಪ.”

ರೂಮಿನಲ್ಲಿ ಗೋಡೆ ನೋಡುತ್ತ ಕೂತೆ. ಜಿನ್ನು. ಟ್ಯಾಂಕು. ಶೆಡ್ಡು. ಇಷ್ಟು ವರ್ಷ ನೋಡಿದ್ದು, ಇವತ್ತು ಕಂಡಿತು — ಒಂದರಲ್ಲೂ ಮನುಷ್ಯರಿಲ್ಲ. ಖಾಲಿ ಗಿರಣಿ, ಖಾಲಿ ರಸ್ತೆ, ಯಾರೂ ಹತ್ತದ ಏಣಿ. ಅದೇ ಚೆಂದ ಅಂದುಕೊಂಡಿದ್ದೆ. ಮೊದಲ ಸಲ ಒಬ್ಬಳನ್ನು ಬರೆದೆ. ಅವಳು ಅನ್ನ ಬಿಟ್ಟು ಮಲಗಿದಳು.

ಇಲ್ಲೇ ಉಳಿದುಬಿಡಬಹುದು. ಜ್ವರ ಅಂತ ತಂತಿ ಕಳಿಸಿದರಾಯಿತು. ಬೇರೆ ಯಾರಾದರೂ ಹೋಗುತ್ತಾರೆ. ಶುಕ್ರವಾರ ಪಾಯ ತುಂಬುತ್ತದೆ. ಅವಳು—

ಬರೆಯಲಾರೆ.

ಫೆಬ್ರವರಿ 18. ಕುರುಗೋಡು, ಬಸ್ ಸ್ಟ್ಯಾಂಡು

ಬಂದೆ. ಗುಡ್ಡದ ಬುಡದಲ್ಲಿ ಅವಳ ತವರು. ಅಂಗಳದಲ್ಲಿ ನಿಜವಾಗಿಯೂ ಬೂದಿ. ಅವಳು ಗೋಡೆಗೆ ಒರಗಿ ಕೂತಿದ್ದಳು. ಬಳೆಗಳು ಮುಂಗೈಯಿಂದ ಮೊಣಕೈಗೆ ಜಾರುವಷ್ಟು ಇಳಿದಿದ್ದಾಳೆ. ಅವಳ ತಾಯಿ ಬಾಗಿಲಿಗೆ ಅಡ್ಡ ನಿಂತಳು, ನಾನು ಒಳಗೆ ಬರದ ಹಾಗೆ.

ಅಂಗಳದಲ್ಲೇ ನಿಂತು ಹೇಳಿದೆ. ಕಥೆ ಸುಳ್ಳು. ಕೆಂಚನಗುಡ್ಡ ನಾನು ಸೇರಿಸಿದ್ದು. ಅಜ್ಜಿ ಹುಡುಗರನ್ನು ಸುಮ್ಮನೆ ಕೂಡಿಸಲು ಹೇಳಿದ್ದು.

“ಈಗ ಸುಳ್ಳು ಅಂತಿ,” ಅಂದಳು. ಅವಳ ಮಾತಿನಲ್ಲಿ ‘ರಿ’ ಹೋಗಿತ್ತು. “ಆವತ್ತು ಹೇಳುವಾಗ ಖರೇನಽ ಅಂತ ಹೇಳಿದಿ. ನಿನ್ನ ಮಾರಿ ನೋಡಿದ್ನಿ ನಾ.”

ಅಂಗಳದ ಬೂದಿಯ ಕಡೆ ತಿರುಗಿದೆ.

“ಬರಿಯಾಕ ಮದ್ಲು ನನ್ನ ಕೇಳಲಿಲ್ಲ. ಅಳಸಾಕ ಮದ್ಲೂ ಕೇಳಲಿಲ್ಲ.”

“ತಪ್ಪಾತು ತಂಗಿ.”

ಎದ್ದಳು. ಗೋಡೆ ಹಿಡಿದು ಬೂದಿಯ ಮೇಲೆ ನಡೆದಳು. ಹೆಜ್ಜೆ ಮೂಡಿತು. “ನೋಡು, ಎಷ್ಟು ತೆಳ್ಳಗ.” ಊಟ ಬಿಟ್ಟರೆ ತೆಳ್ಳಗೇ ಮೂಡುತ್ತದೆ ಅಂದೆ. ಚಪ್ಪಲಿ ಬಿಟ್ಟು ಅವಳ ಪಕ್ಕ ನಾನೂ ನಡೆದೆ. ನನ್ನದು ಆಳಕ್ಕೆ ಮೂಡಿತು. ಅವಳು ಎರಡನ್ನೂ ಬಹಳ ಹೊತ್ತು ನೋಡಿದಳು.

“ಅಜ್ಜಿ ಕಥಿಯಾಗ ಆ ಚಿತ್ರಗಾರ ಒಬ್ಬಾಕೀನಽ ಬರದಿದ್ನೇನು?”

“ಹೌದು.”

“ಉಳದೋರು ಎಲ್ಲಿದ್ರು? ಅಷ್ಟು ದೊಡ್ಡ ಗ್ವಾಡಿ ಕಟ್ಟಾಕ ಆಕಿ ಒಬ್ಬಾಕೀನಽ ಬಂದಿದ್ಲೇನು?”

ಅಜ್ಜಿಯ ಕಥೆಯಲ್ಲಿ ಉಳಿದವರು ಇರಲೇ ಇಲ್ಲ. ಇಷ್ಟು ಸಲ ಹೇಳಿದ್ದೇನೆ, ಒಮ್ಮೆಯೂ ಹೊಳೆಯಲಿಲ್ಲ.

ಹೊರಡುವಾಗ ಅವಳ ತಾಯಿ ಒಂದು ಲೋಟ ಅಂಬಲಿ ತಂದಳು. ನನಗಲ್ಲ. ಮಗಳು ತೆಗೆದುಕೊಂಡಳು. ಕುಡಿದಳೋ ಇಲ್ಲವೋ, ನೋಡುವ ಧೈರ್ಯ ಬರಲಿಲ್ಲ. ಬಸ್ಸು ಬಂತು.

ಫೆಬ್ರವರಿ 21, ಸಂಜೆ. ಸಿರುಗುಪ್ಪ

ನಾಳೆ.

ಸಿಮೆಂಟಿನ ಚೀಲಗಳು ಬಂದು ಕೂತಿವೆ. ಜಲ್ಲಿ, ಉಸುಕು ಎಲ್ಲ ಸಿದ್ಧ. ಪಾಯ ಬಾಯಿ ತೆರೆದುಕೊಂಡಿದೆ. ಅದರ ಕಡೆ ನೋಡುವುದಿಲ್ಲ.

ಬೆಳಿಗ್ಗೆ ಗಾದೆಪ್ಪ ಪಿಕಾಸಿಯನ್ನು ನನ್ನ ಬಾಗಿಲಿಗೆ ಒರಗಿಸಿ ಕೂತ. ದನಿ ಏರಿಸಲಿಲ್ಲ. “ನಾಳೆ ಅಮವಾಸಿ. ಆಕಿಗೇನರ ಆತಂದ್ರ, ಆ ಪಾಯ ಖಾಲಿ ಇರಂಗಿಲ್ಲ ಸಾರ್. ನಾ ಹೇಳೀನಿ.” ಎದ್ದು ಹೋದ. ಪಿಕಾಸಿ ಅಲ್ಲೇ ಬಿಟ್ಟು ಹೋದ. ಅದನ್ನು ದಾಟಿಕೊಂಡೇ ಓಡಾಡಿದೆ ಇಡೀ ದಿನ.

ಹೊತ್ತು ಇಳಿಯುವಾಗ ಹೊನ್ನೂರಮ್ಮ ಬಂದಳು. ಬಸ್ಸಿನಿಂದ ನೇರ. ಒಲೆಯ ಹತ್ತಿರ ಕೂತಳು. ಎಲ್ಲರನ್ನೂ ಕರೆದಳು. ನನ್ನ ಕಡೆ ನೋಡಿ — “ಹೇಳು. ಅದಽ ಕಥಿ.”

ಒಲ್ಲೆ ಅಂದೆ. ಗಾದೆಪ್ಪ ಎದ್ದು ನಿಂತ. ಹೇಳಿದೆ.

ಗೋಡೆ ಕಟ್ಟಿದೆ, ಉರುಳಿಸಿದೆ, ಚಿತ್ರಗಾರನನ್ನು ಕರೆತಂದೆ. ಸುಣ್ಣ ಕೈಗೆ ಕೊಟ್ಟೆ. ಆಗ ಅವಳು ತಡೆದಳು.

“ನಿಲ್ಲು. ಉಳದೋರು ಎಲ್ಲಿದ್ರು?”

ಬೆಂಕಿ ಚಟಚಟ. ಆಮೇಲೆ ಉಚ್ಚೆಂಗೆಪ್ಪ ಮೇಸ್ತ್ರಿ ಕೆಮ್ಮಿದ. “ನಾ ಕಲ್ಲು ಕೂಡಸ್ತಿದ್ದೆ ಅಂತ ಹೇಳ್ರಿ ಸಾರ್.”

“ಕೂಡಿಸಿದ್ದಿ, ದಿನಾ ಬೀಳ್ತಿತ್ತು,” ಅಂದಳು ಒಬ್ಬಳು. ಒಂದಿಬ್ಬರು ನಕ್ಕರು. ಎಷ್ಟು ದಿನವಾಗಿತ್ತು ಆ ಸದ್ದು ಕೇಳಿ.

“ನಾ ನೀರು ಹೊರ್ತಿದ್ನಿ.” “ನಾ ಗಾರಿ ಕಲಸ್ತಿದ್ನಿ.” ಒಬ್ಬೊಬ್ಬರೇ ಕಥೆಯೊಳಗೆ ನುಗ್ಗಿದರು. ನನ್ನ ಕೈಯಿಂದ ಕಥೆ ಜಾರಿತು. ಹಿಡಿಯಲು ನೋಡಿದೆ, ಆಗಲಿಲ್ಲ.

ಹೊನ್ನೂರಮ್ಮ ಕೊನೆಗೆ ಅಂದಳು — “ಒಬ್ಬಾಕಿ ನಿಂತ್ರ ಅದು ಬಲಿ. ಎಲ್ಲಾರೂ ನಿಂತ್ರ ಅದು ಕೆಲಸ. ಹೌದಲ್ಲೋ?”

ಒಬ್ಬೊಬ್ಬರಾಗಿ ಎದ್ದು ಹೋದರು. ಕಥೆಗೆ ಕೊನೆ ಹೇಳಲಿಲ್ಲ ನಾನು. ಕೇಳಲೂ ಇಲ್ಲ ಅವರು. ಏನು ಮಾಡಿಕೊಂಡಿದ್ದಾರೆ ಮನಸ್ಸಿನಲ್ಲಿ?

ಬಾಗಿಲಲ್ಲಿ ನೋಡಿದೆ. ಪಿಕಾಸಿ ಇಲ್ಲ. ಇದ್ದಾಗಿನದಕ್ಕಿಂತ ಹೆಚ್ಚು ಹೆದರಿಕೆ ಈಗ.

ಫೆಬ್ರವರಿ 22, ಬೆಳಿಗ್ಗೆ

ಕಥೆ ಕೇಳಿದವರು ಬೆಳಿಗ್ಗೆ ಎದ್ದು ಮಾಡಿದ್ದು ಇದು.

ಗಾದೆಪ್ಪ ಬಾಗಿಲು ಬಡಿದ. “ಹಾಳಿ ತಗೊಂಡು ಬರ್ರಿ.” ಅವನ ಹಿಂದೆ ನಡೆದೆ. ಓಡಿದರೆ ಹಿಡಿಯುತ್ತಾನೆ ಅನ್ನಿಸಿತು.

ಪಾಯದ ಅಂಚಿಗೆ ಬಂದು ಕೆಳಗೆ ನೋಡಿದೆ. ಎಲ್ಲರೂ ಇಳಿದು ನಿಂತಿದ್ದರು. ಬುಟ್ಟಿಯವರು ಬುಟ್ಟಿ ಹೊತ್ತು, ಸಲಿಕೆಯವರು ಸಲಿಕೆ ಹಿಡಿದು. ಮೇಸ್ತ್ರಿ ದಾರಕ್ಕೆ ಕಟ್ಟಿದ ತೂಕದ ಗುಂಡನ್ನು ಇಳಿಬಿಟ್ಟುಕೊಂಡು ನಿಂತಿದ್ದ, ಮದುವೆ ಫೋಟೋಗೆ ನಿಂತವನ ಹಾಗೆ ಗಂಭೀರವಾಗಿ. ಗಾದೆಪ್ಪ ಇಳಿದು ಹೆಂಡತಿಯ ಮಗ್ಗುಲಲ್ಲಿ ನಿಂತ. ಪಿಕಾಸಿ ಅವನ ಕೈಯಲ್ಲಿತ್ತು. ಹೊನ್ನೂರಮ್ಮ ನಾನು ಬರೆದ ಜಾಗದಲ್ಲೇ ನಿಂತಿದ್ದಳು. ಕೈ ಬುಟ್ಟಿಗೆ ಆತಿತ್ತು. ಬಳೆ ಸದ್ದು ಮೇಲಕ್ಕೂ ಕೇಳುತ್ತಿತ್ತು.

“ಬರಿ,” ಅಂದಳು.

ಅಳಿಯದೆ ಉಳಿದ ಬಳೆಗಳಿಂದಲೇ ಶುರು ಮಾಡಿದೆ. ಅವಕ್ಕೆ ಕೈ ಬಂತು, ಕೈಗೆ ಅವಳು ಬಂದಳು. ಆಮೇಲೆ ಗಾದೆಪ್ಪ. ಆಮೇಲೆ ಒಬ್ಬೊಬ್ಬರು. ಪಾಯ ತುಂಬಿತು. ಅವಳೊಬ್ಬಳಿದ್ದಾಗ ಇಷ್ಟು ಚೆಂದವಿರಲಿಲ್ಲ. ಹೆದರಿಕೆಯಲ್ಲೂ ಅದು ಗೊತ್ತಾಯಿತು.

ಸಾಹುಕಾರರು ಲಿಂಬೆಹಣ್ಣು ಕಾಯಿ ಹಿಡಿದು ಬಂದರು. “ಏನಿದು ನಾಟಕ? ಮ್ಯಾಲ ಬರ್ರಿ, ಹೊತ್ತಾತು.”

ಯಾರೂ ಅಲುಗಲಿಲ್ಲ. ಮೇಸ್ತ್ರಿ ಬಹಳ ಮರ್ಯಾದೆಯಿಂದ ಅಂದ — “ಸಾಹುಕಾರ್ರ, ನೀವೂ ಇಳೀರಿ.”

ನಕ್ಕರು. ಒಬ್ಬರೇ ನಕ್ಕರು. ನಗು ನಿಂತಿತು. ಕೆಳಗಿನ ಮುಖಗಳನ್ನು ನೋಡಿದರು, ಸಿಮೆಂಟಿನ ಚೀಲ ನೋಡಿದರು. ಚಪ್ಪಲಿ ಬಿಟ್ಟರು. ಏಣಿ ಹಿಡಿದು ಇಳಿದರು, ಧೋತರ ಎತ್ತಿಕೊಂಡು. ಅವರ ತುಟಿ ಮಂತ್ರ ಹೇಳುತ್ತಿತ್ತು. ಬರೆದೆ.

“ಯಣ್ಣಾ,” ಹೊನ್ನೂರಮ್ಮನ ದನಿ. “ನೀನೆಲ್ಲಿ ಇದರಾಗ?”

ಅವಳ ಬಲಗಡೆ ಜಾಗ ಬಿಟ್ಟಿದ್ದರು. ಒಬ್ಬನು ನಿಲ್ಲುವಷ್ಟು. ಬೇಕೆಂದೇ ಬಿಟ್ಟಿದ್ದರು.

ಇಳಿದೆ. ಕೆಳಗೆ ತಂಪು. ಮೇಲೆ ನೋಡಿದರೆ ಆಕಾಶಕ್ಕೂ ಒಂದು ಅಂಚು. ಹಾಳೆಯನ್ನು ತೊಡೆಯ ಮೇಲಿಟ್ಟು ಕೂತಿದ್ದೇನೆ, ಅದರ ಮೇಲೆ ಈ ಡೈರಿ. ಚಿತ್ರದಲ್ಲಿ ನನ್ನನ್ನು ಬರೆದುಕೊಳ್ಳುತ್ತಿದ್ದೇನೆ ಅಂದುಕೊಂಡಿದ್ದಾರೆ ಎಲ್ಲರೂ. ಇದನ್ನು ಗೀಚುತ್ತಿದ್ದೇನೆ. ಧೈರ್ಯ ಬರಲಿ ಅಂತ. ಅಜ್ಜಿಯ ಕಥೆಯಲ್ಲಿ ಚಿತ್ರಗಾರ ಆಮೇಲೆ ಎಲ್ಲಿಗೆ ಹೋದ? ಅದನ್ನೂ ಯಾರೂ ಕೇಳಿರಲಿಲ್ಲ.

“ಆತೇನಣ್ಣಾ?”

ಇನ್ನೊಂದು ಚೂರು ಅಂದೆ. ನನ್ನನ್ನು ನಾನು ಬರೆದುಕೊಂಡಿದ್ದೇ ಇಲ್ಲ. ಕಾಲಿನಿಂದ ಶುರು ಮಾಡಬೇಕು. ನೆಲಕ್ಕೆ ಊರಿದ ಹಾಗೆ, ಗಟ್ಟಿ ಒತ್ತಿ. ಮೊದಲು ಎಡಗಾಲು—